ಪಾದ್ರಿಯವರ ಮನೆ ಮುಂದೆ ಕೆಡುವ ಬಸ್ಸು

ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಗಂಗಾವತಿಯಲ್ಲಿ ಬಟ್ಟೆ ವ್ಯಾಪಾರ ಮುಗಿಸಿ, ರೈಲು ಹಿಡಿಯಲು ಕೊಪ್ಪಳಕ್ಕೆ ಹೊರಟಿದ್ದೆ. ದಾರಿಯಲ್ಲಿ ಒಂದು ಹಳೆಯ ಮನೆಯೆದುರು ಬಸ್ಸು ನಿಂತೇಬಿಟ್ಟಿತು.

ಒಳಗಿನಿಂದ ಮುದುಕ ಪಾದ್ರಿಯೊಬ್ಬರು ಓಡಿಬಂದರು. "ಬರ್ರಿ, ಬರ್ರಿ! ಈ ಸೀಮಿಗೆ ಬಂದ ಮೊದಲನೇ ಪಾದ್ರಿ ಮನಿ ನೋಡಾಕ ಬಂದೀರೇನು?"

ಬಸ್ಸು ಕೆಟ್ಟಿದೆ ಎನ್ನಲಾರದೆ ಎಲ್ಲರೂ ಇಳಿದು ಒಳಗೆ ಹೋದೆವು. ಆ ಮೊದಲ ಪಾದ್ರಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು; ಇಲ್ಲೇ ಮುದುಕರಾದ ಈ ಪಾದ್ರಿಗೂ ಅವರ ಹೆಂಡತಿಗೂ ಈಗ ಆ ಮನೆ ಕಾಯುವುದೇ ಕೆಲಸ: ದಿನಾ ಕಸ ಹೊಡೆದು, ಕಂದೀಲು ಒರೆಸಿ, ನೋಡುವವರ ದಾರಿ ಕಾಯುವುದು. ಪಾದ್ರಿ ಆ ಹಿರಿಯರು ಮಲಗುತ್ತಿದ್ದ ಮಂಚ ತೋರಿಸಿದರು, ಅವರ ಕುದುರೆಯ ಜೀನು ತೋರಿಸಿದರು.

"ನನಗ ರೈಲು ಹಿಡೀಬೇಕ್ರಿ," ಎಂದೆ.

"ಇನ್ನೂ ಬಾವಿ ನೋಡಿಲ್ಲಲ್ರಿ!"

ಸಿಟ್ಟಿನಿಂದ ಡ್ರೈವರನನ್ನು ಹುಡುಕುತ್ತ ಹಿತ್ತಲಿಗೆ ಹೋದರೆ, ಅವನು ಆರಾಮಾಗಿ ಚಹಾ ಕುಡಿಯುತ್ತಿದ್ದ.

"ಬಸ್ ಯಾವಾಗ ಹೊಂಡತೈತೋ?"

"ಅಮ್ಮಾರು ಹೂಂ ಅಂದ ಕೂಡ್ಲೆ ಚಾಲೂ ಆಗತೈತ್ರಿ."

ಪಾದ್ರಿಯ ಹೆಂಡತಿ ನನಗೂ ಒಂದು ಬಟ್ಟಲು ಚಹಾ ಕೊಟ್ಟು, ದನಿ ತಗ್ಗಿಸಿದರು. "ನೋಡಾಕ ಯಾರೂ ಬರದ ದಿನ ಅವರು ಸರಿಯಾಗಿ ಉಣ್ಣಂಗಿಲ್ರಿ. ಬಾವಿ ಕತಿ ಒಂದು ಮುಗೀಲಿ."

ಬಾವಿ ಕತೆ ಮುಗಿಯಿತು. ಯಾರೂ ಕೈ ಹಚ್ಚದೆ ಬಸ್ಸು ತಾನಾಗಿ ಸರಿಹೋಯಿತು.

ರೈಲು ತಪ್ಪಿತು. ಮುಂದೆ ಆ ದಾರಿ ಹಿಡಿದಾಗೆಲ್ಲ ಬಾವಿ ಕತೆಯ ಹೊತ್ತನ್ನೂ ಲೆಕ್ಕ ಹಿಡಿದೇ ಮನೆ ಬಿಡುತ್ತಿದ್ದೆ.