ನನ್ನ ಪರೀಕ್ಷೆಗೆ ಬಂದ ಓನರ್ ಅಜ್ಜಿ

ನಾನು ಫಿಸಿಯೋಥೆರಪಿ ಕೊನೆಯ ವರ್ಷದಲ್ಲಿದ್ದಾಗ, ಪ್ರಾಕ್ಟಿಕಲ್ ಪರೀಕ್ಷೆಯ ದಿನ ನಡೆದದ್ದಿದು. ವಯಸ್ಸಾದವರ ನಡಿಗೆ, ಸಮತೋಲನ ಪರೀಕ್ಷಿಸಲು ಅರವತ್ತು ದಾಟಿದ ಒಬ್ಬರನ್ನು ನಾವೇ ಕಾಲೇಜಿಗೆ ಕರೆದುಕೊಂಡು ಹೋಗಬೇಕಿತ್ತು. ನಾನು ಒಪ್ಪಿಸಿಟ್ಟಿದ್ದ ಪಕ್ಕದ ಮನೆ ಅಂಕಲ್ ಬೆಳಗ್ಗೆಯೇ ಯಾರದೋ ಸಾವಿಗೆಂದು ತುಮಕೂರಿಗೆ ಹೊರಟುಹೋಗಿದ್ದರು. ಸಾವಿಗೆ ಹೋದವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ಆದರೂ ಮಾಡಿಕೊಂಡೆ.

ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯ ಗೇಟಿನ ಹತ್ತಿರ ನಿಂತು, ಅವರಿವರಿಗೆ ಫೋನ್ ಮಾಡಿ ಸೋತು, ಅಳುತ್ತಿದ್ದೆ. ಆಗ ಮನೆ ಓನರ್ ಮುನಿಯಮ್ಮಜ್ಜಿ ಬಂದರು. ನೀರು ಪೋಲು ಮಾಡಿದರೆ ಮೂರು ಮಹಡಿಗೂ ಕೇಳುವಂತೆ ಬೈಯುವ ಅಜ್ಜಿ. ಅವರನ್ನು ಕಂಡರೆ ನನಗೆ ಭಯ.

"ಯಾಕವ್ವ, ಇಂಗೆ ನಿಂತ್ಕಂಡು ಅಳ್ತಿದ್ದೀಯ?" ಎಂದರು. ವಿಷಯ ಹೇಳಿದೆ.

"ವಯಸ್ಸಾದೋರು ಬೇಕು, ಅಷ್ಟೇ ತಾನೆ? ನಾನೇನು ಎಳೇ ಹುಡ್ಗೀನಾ? ಇರು, ಸೀರೆ ಉಟ್ಕಂಡು ಬತ್ತೀನಿ."

ಮದುವೆಗೆ ಹೊರಟವರ ಹಾಗೆ ರೇಷ್ಮೆ ಸೀರೆ ಉಟ್ಟುಕೊಂಡು ಬಂದರು. ಆಟೋದಲ್ಲಿ, "ಯೋಳ್ದಂಗೆಲ್ಲ ಮಾಡ್ಬುಟ್ರೆ ಪಾಸು ತಾನೆ?" ಎಂದು ಕೇಳಿದರು. ನಾನು ಪಾಠ ನೆನಪಿಸಿಕೊಳ್ಳುವ ಗಡಿಬಿಡಿಯಲ್ಲಿ "ಹೂಂ ಅಜ್ಜಿ" ಎಂದುಬಿಟ್ಟೆ.

ಪರೀಕ್ಷಕರಾಗಿ ಬಂದಿದ್ದ ಮೇಡಂ ನಗುವವರಲ್ಲ. ಅವರ ಮುಂದೆ ಅಜ್ಜಿಯನ್ನು ಮಂಡಿನೋವು ಇದೆಯಾ ಎಂದು ಕೇಳಿದೆ. "ಏನೂ ಇಲ್ಲ, ಕಲ್ಲಿದ್ದಂಗಿದ್ದೀನಿ" ಎಂದರು. ಕುರ್ಚಿಯಿಂದ ಕೈ ಊರದೆ ಎದ್ದರು, ನೆಲದ ಮೇಲೆ ಎಳೆದಿದ್ದ ಗೆರೆಯವರೆಗೆ ಸರಸರನೆ ನಡೆದು ಬಂದರು. ನನಗೋ ಒಳಗೊಳಗೇ ಖುಷಿ. ಉಳಿದದ್ದು ಒಂಟಿ ಕಾಲಲ್ಲಿ ನಿಲ್ಲುವುದು. ಕಾಲೆತ್ತಿದರು. ಆಗ ಅವರ ಮುಖ ನೋಡಿದೆ. ತುಟಿ ಕಚ್ಚಿಕೊಂಡಿದ್ದರು, ಹಣೆಯಲ್ಲಿ ಬೆವರಿತ್ತು.

ಅರ್ಧಕ್ಕೆ ನಿಲ್ಲಿಸಿದರೆ ನನ್ನ ಅಂಕಗಳು ಹೋದವು ಎಂದೇ ನನ್ನ ಲೆಕ್ಕ. ಫೇಲಾಗಿ ಮತ್ತೊಂದು ವರ್ಷ ಓದಬೇಕಾದರೆ ಅಪ್ಪನ ಮುಖ ಹೇಗೆ ನೋಡಲಿ? ಆದರೂ ಕೈ ತಾನಾಗಿ ಮುಂದೆ ಹೋಯಿತು. ಅಜ್ಜಿಯನ್ನು ಹಿಡಿದು ಕೂರಿಸಿ, "ಮೇಡಂ, ಇವರಿಗೆ ನೋವಿದೆ, ನಿಲ್ಲಿಸ್ತಿದ್ದೀನಿ" ಎಂದೆ.

ಅಜ್ಜಿಗೆ ಸಿಟ್ಟು ಬಂತು. "ಬುಡು, ಇನ್ನೊಂದ್ ಕಿತ ಮಾಡ್ತೀನಿ. ನಾನು ಸರ್ಯಾಗಿ ಮಾಡ್ದಿದ್ರೆ ಈ ಮಗ ಫೇಲಾಗ್ಬುಡ್ತದೆ" ಎಂದು ಮೇಡಂಗೇ ಹೇಳಿದರು.

ಮೇಡಂ ಕನ್ನಡಕ ತೆಗೆದರು. "ಅಮ್ಮಾ, ಪರೀಕ್ಷೆ ನಿಮಗಲ್ಲ, ಅವಳಿಗೆ" ಎಂದು ನಕ್ಕರು. ಆಮೇಲೆ ನನಗೆ, "ನೀನು ನಿಲ್ಲಿಸದೇ ಇದ್ದಿದ್ರೆ ಫೇಲ್ ಮಾಡ್ತಿದ್ದೆ" ಎಂದರು. ನನ್ನ ಕಣ್ಣು ತುಂಬಿ ಬಂತು.

ವಾಪಸ್ ಬರುವಾಗ ಆಟೋದಲ್ಲಿ ಅವರ ಮಂಡಿ ಒತ್ತುತ್ತಾ ಗದರಿದೆ, "ಅಷ್ಟು ನೋವಿಟ್ಕೊಂಡು ಯಾಕಜ್ಜಿ ಕಾಲೆತ್ತಿದ್ರಿ? ಬಿದ್ದಿದ್ರೆ?"

"ಬಿದ್ರೆ ಇಡ್ಕಳಕ್ಕೆ ನೀನಿದ್ಯಲ್ಲ" ಎಂದರು.

ಈಗ ವೈಟ್‌ಫೀಲ್ಡ್ ಕಡೆಯ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಡಿಗ್ರಿ ಕೊಟ್ಟದ್ದು ಯೂನಿವರ್ಸಿಟಿ ನಿಜ. ಆದರೆ ಅದು ಕೈಗೆ ಬರುವ ಮೊದಲೇ, ಇವಳು ನನ್ನನ್ನು ಬೀಳಲು ಬಿಡುವುದಿಲ್ಲ ಎಂದು ನಂಬಿದವರು ಮುನಿಯಮ್ಮಜ್ಜಿ. ಆ ಋಣ ತೀರುವಂಥದ್ದಲ್ಲ.