ಮಂಚದ ಕೆಳಗಿನ ಎಳನೀರು

ಬಚ್ಚಲಿನಿಂದ ಎದ್ದು ಬರಲು ಹೋದೆ. ಕಾಲು ಏಳಲಿಲ್ಲ.

ನೋವಿಲ್ಲ, ಜೋಮಿಲ್ಲ. ಬಲವೇ ಇಲ್ಲ. ಗೋಡೆ ಹಿಡಿದು ಹೇಗೋ ನಡುಮನೆಗೆ ಬಂದು ಕೂತೆ. ಎದೆ ಒಮ್ಮೆ ಡವಡವ ಹೊಡೆದುಕೊಂಡರೆ ಇನ್ನೊಮ್ಮೆ ನಿಂತೇ ಹೋದ ಹಾಗಾಗುತ್ತಿತ್ತು.

"ರೀ, ಕಾಲಲ್ಲಿ ಶಕ್ತಿನೇ ಇಲ್ಲ" ಅಂದೆ.

"ವಿಷ ಹೊರಗೆ ಹೋಗ್ತಾ ಐತೆ ಕಣೇ. ಗುರೂಜಿ ಹೇಳಿರಲಿಲ್ವಾ? ಸ್ವಲ್ಪ ತಡ್ಕೋ" ಅಂದರು ನಮ್ಮ ಮನೆಯವರು. ಹಿತ್ತಲಿಗೆ ಹೋಗಿ ಒಂದು ಎಳನೀರು ಕೆತ್ತಿ ತಂದು ಕೈಗಿಟ್ಟರು.

ಕುಡಿದೆ.

ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ. ನನಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಕಿಡ್ನಿ ಸ್ವಲ್ಪ ಸೋತಿದೆ, ಕ್ರಿಯೇಟಿನಿನ್ ಮೇಲಿದೆ, ಹುಷಾರಾಗಿರಿ ಎಂದು ಡಾಕ್ಟರು ಹೇಳಿದ್ದರು. ಹುಷಾರಾಗಿಯೇ ಇದ್ದೆ. ಮಾತ್ರೆ, ಮುದ್ದೆ, ತಿಳಿಸಾರು, ಸಂಜೆ ಸ್ಟೇಷನ್ ರೋಡಿನಲ್ಲಿ ಒಂದು ಸುತ್ತು. ನನ್ನ ಪಾಡಿಗೆ ನಾನಿದ್ದೆ. ಆಗಲೇ ಅರಸೀಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಶಿಬಿರ ನಡೆದದ್ದು. ಆಯುರ್ವೇದವನ್ನೂ ಹಸಿ ಆಹಾರವನ್ನೂ ಕೂಡಿಸಿ ಎಲ್ಲ ಕಾಯಿಲೆ ಓಡಿಸುತ್ತಾರಂತೆ. ನಮ್ಮ ಮನೆಯವರು ಕೊಬ್ಬರಿ ವ್ಯಾಪಾರಿ. ಒಂದು ಕೊಬ್ಬರಿಯನ್ನು ಮೂಸಿ, ತಿರುಗಿಸಿ, ಬಡಿದು ನೋಡದೆ ಮಂಡಿಯೊಳಗೆ ಬಿಟ್ಟುಕೊಂಡವರಲ್ಲ. ಅಂಥವರು ಶಿಬಿರದ ಗುರೂಜಿಯ ಮಾತನ್ನು ಇಡಿಯಾಗಿ ನುಂಗಿದರು.

ಗುರೂಜಿ ನನ್ನ ನಾಲಿಗೆ ನೋಡಿದ. ಕಣ್ಣಿನ ರೆಪ್ಪೆ ಎಳೆದು ನೋಡಿದ. "ತಾಯಿ, ನಿಮ್ಮದು ಪಿತ್ತ ಪ್ರಕೃತಿ. ಒಳಗೆಲ್ಲ ಕಾವು. ಬೆಂಕಿ ಮುಟ್ಟಿದ ಊಟ ಸತ್ತ ಊಟ" ಅಂದ. ನಾನು ಬ್ಯಾಗಿನಿಂದ ರಿಪೋರ್ಟ್ ತೆಗೆದೆ. ಮುಟ್ಟಲೂ ಇಲ್ಲ. "ಅದು ಕಾಗದದ ಕಾಯಿಲೆ" ಎಂದು ನಕ್ಕ. ಸುತ್ತ ಇದ್ದವರೆಲ್ಲ ನಕ್ಕರು, ನಮ್ಮ ಮನೆಯವರೂ ಸೇರಿ.

ಮಾರನೇ ದಿನದಿಂದ ಒಲೆ ಹಚ್ಚಲಿಲ್ಲ. ಬೆಳಿಗ್ಗೆ ಸೊಪ್ಪಿನ ರಸ, ಮಧ್ಯಾಹ್ನ ಹಸಿ ತೆಂಗಿನಕಾಯಿ, ಬಾಳೆಹಣ್ಣು, ನೆನೆಸಿದ ಹೆಸರುಕಾಳು. ಬಾಯಾರಿದಾಗೆಲ್ಲ ಪಿತ್ತಕ್ಕೆ ತಂಪು ಅಂತ ಎಳನೀರು. ಗಂಡಸಿ ಊರಿನ ಹತ್ತಿರದ ನಮ್ಮ ತೋಟದಿಂದ ಗೊನೆಗೊನೆಯೇ ಬಂದು ಬೀಳುತ್ತಿತ್ತು.

ಸುಳ್ಳು ಹೇಳಬಾರದು, ಮೊದಮೊದಲು ಸಕ್ಕರೆ ಇಳಿಯಿತು, ತೂಕವೂ ಇಳಿಯಿತು. ಇಳಿಯದೆ ಇನ್ನೇನು, ಹೊಟ್ಟೆಗೆ ಅನ್ನ ಬಿದ್ದರೆ ತಾನೇ? ಆಮೇಲೆ ಹೊಟ್ಟೆ ಉಬ್ಬರ ಶುರುವಾಯಿತು. ವಿಷ ಹೋಗ್ತಾ ಐತೆ ಅಂದರು. ವಾಕರಿಕೆ ಬಂತು. ಅದೂ ವಿಷವೇ. ಸುಸ್ತು ಅಂದರೆ ಸುಸ್ತು. ಅದೂ ವಿಷ. ನನಗೆ ಆಗುತ್ತಿಲ್ಲ ಎಂದು ನಾನು ಬಾಯಿಬಿಟ್ಟಷ್ಟೂ, ಪಥ್ಯ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು. ಇಂಥ ನ್ಯಾಯ ಎಲ್ಲಾದರೂ ಉಂಟೇ? ನನ್ನ ಮೈಯ ಸಂಗತಿ ನನ್ನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು.

ಕಾಲು ಸೋತ ಆ ದಿನ, ಪುಣ್ಯಕ್ಕೆ, ನಮ್ಮಕ್ಕ ಗಿರಿಜಕ್ಕ ಗಂಡಸಿಯಿಂದ ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

"ಏನ್ರೀ, ಇವಳ ಮುಖ ನೋಡಿದ್ರಾ ನೀವು? ಹೆಣದ ಕಳೆ ಬಂದೈತೆ. ಮೊದಲು ಕಾರು ತೆಗೀರಿ."

ಹಾಸನದ ಆಸ್ಪತ್ರೆಯಲ್ಲಿ ಇಸಿಜಿ ನೋಡುತ್ತಲೇ ಡಾಕ್ಟರು ನರ್ಸನ್ನು ಕೂಗಿದರು. ಆಮೇಲೆ ನಮ್ಮ ಮನೆಯವರ ಕಡೆ ತಿರುಗಿದರು. "ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ. ಇನ್ನು ಸ್ವಲ್ಪ ತಡವಾಗಿದ್ದರೆ ಹಾರ್ಟೇ ನಿಂತುಹೋಗ್ತಿತ್ತು."

ನಾನು ಕೇಳಿಸಿಕೊಂಡೆ.

ಕೈಗೆ ಸೂಜಿ, ಎದೆಗೆ ವೈರು, ಐಸಿಯು. ಇಂಜೆಕ್ಷನ್ನಿಗೆ ಪೊಟ್ಯಾಸಿಯಂ ಬಗ್ಗಿತು, ವಾರ್ಡಿಗೆ ಹಾಕಿದರು. ಸೋತ ಕಿಡ್ನಿ ಪೊಟ್ಯಾಸಿಯಂ ಹೊರಗೆ ಹಾಕುವುದಿಲ್ಲ, ಹಣ್ಣು ಬೇಡ, ಜ್ಯೂಸ್ ಬೇಡ, ಹಸಿ ತರಕಾರಿ ಬೇಡ, ಮತ್ತೆ ಏರಿದರೆ ಡಯಾಲಿಸಿಸ್ ಎಂದರು. ನಮ್ಮ ಬೀದಿಯ ಒಬ್ಬರು ಡಯಾಲಿಸಿಸ್ಸಿಗೆಂದು ಬಸ್ಸು ಹತ್ತುವುದನ್ನು ನೋಡಿದ್ದೆ. ಹೋಗುವಾಗ ಇದ್ದ ಮನುಷ್ಯ ಬರುವಾಗ ಇರುತ್ತಿರಲಿಲ್ಲ, ಅಷ್ಟು ಹಿಂಡಿಹೋಗಿರುತ್ತಿದ್ದರು. ಅದೊಂದು ನನಗೆ ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮತ್ತೆ ಏರಿತು.

"ಏನು ಕೊಟ್ರಿ ಇವರಿಗೆ?" ಡಾಕ್ಟರು ಕೇಳಿದರು.

"ಇಡ್ಲಿ ಅಷ್ಟೇ ಸಾರ್."

"ಹಣ್ಣು? ಜ್ಯೂಸು?"

"ದೇವರಾಣೆ ಇಲ್ಲ ಸಾರ್" ಅಂದರು ನಮ್ಮ ಮನೆಯವರು. ಅವರು ಸುಳ್ಳು ಹೇಳುವವರಲ್ಲ.

ಡಾಕ್ಟರು ಡಯಾಲಿಸಿಸ್ಸಿಗೆ ತಯಾರಿ ಮಾಡಲು ಹೇಳಿ ತಿರುಗಿದರು. ಅವರ ಬೂಟು ಮಂಚದ ಕೆಳಗೆ ಏನಕ್ಕೋ ತಗುಲಿತು. ಒಂದು ಎಳನೀರು ಉರುಳಿಕೊಂಡು ವಾರ್ಡಿನ ನಡುವೆ ಬಂದು ನಿಂತಿತು. ಬಗ್ಗಿ ನೋಡಿದರೆ ಕೆಳಗೆ ರಾಶಿಯೇ ಇತ್ತು.

"ಇದು ಯಾರಿಗೆ?"

"ಅವಳಿಗೇ ಸಾರ್. ನೋಡೋಕೆ ಬಂದೋರು ತಂದಿದ್ದು."

ನಮ್ಮ ಕಡೆ ಆಸ್ಪತ್ರೆಗೆ ಬರಿಗೈಲಿ ಯಾರು ಹೋಗುತ್ತಾರೆ? ಎಳನೀರು ಹಿಡಿದೇ ಹೋಗುವುದು. ರೋಗಿ ನಾಲ್ಕು ಗುಟುಕು ಕುಡಿದರೆ ಬಂದವರಿಗೆ ಸಮಾಧಾನ. ಗಿರಿಜಕ್ಕ ಪ್ರೀತಿಯಿಂದಲೇ ಲೋಟಕ್ಕೆ ಬಗ್ಗಿಸಿ ಬಗ್ಗಿಸಿ ಕುಡಿಸಿದ್ದಳು. ನಮಗೆ ಅದು ಹಣ್ಣೂ ಅಲ್ಲ, ಜ್ಯೂಸೂ ಅಲ್ಲ, ಊಟದ ಲೆಕ್ಕಕ್ಕೂ ಬರುವುದಿಲ್ಲ. ನೀರು.

ಡಾಕ್ಟರು ತಲೆ ಹಿಡಿದುಕೊಂಡರು. "ನಾವು ಇಳಿಸ್ತಾ ಇದ್ದೀವಿ, ನೀವು ಏರಿಸ್ತಾ ಇದ್ದೀರಿ. ಎಳನೀರು ತುಂಬ ಪೊಟ್ಯಾಸಿಯಂ, ಕಿಡ್ನಿ ಸೋತವರಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ" ಎಂದು ರೇಗಿದರು.

ನನಗೂ ರೇಗಿತು. ಮಲಗಿದಲ್ಲಿಂದಲೇ ಅಂದೆ. "ಸಾರ್, ತೆಂಗಿನ ಸೀಮೆ ಅರಸೀಕೆರೆಯವರು ಅಂತ ನಿಮ್ಮ ಚೀಟಿಯಲ್ಲೇ ಐತಲ್ಲ. ಅದು ಬೇಡ ಇದು ಬೇಡ ಅಂದ್ರಿ. ಎಳನೀರು ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವರು ಚೀಟಿ ತಿರುಗಿಸಿ ನೋಡಿದರು. "ಹೇಳಬೇಕಿತ್ತಮ್ಮ. ತಪ್ಪಾಯ್ತು" ಅಂದರು. ಡಯಾಲಿಸಿಸ್ಸನ್ನು ಸಂಜೆಯವರೆಗೆ ತಡೆದು ನೋಡೋಣ ಎಂದು ಔಷಧಿ ಬದಲಿಸಿದರು. ಅಷ್ಟು ದಿನಗಳಲ್ಲಿ ನನ್ನ ಮಾತಿಗೆ ಹೌದು ಅಂದ ಮೊದಲ ಗಂಡಸು ಅವರು. ಸಂಜೆಗೆ ಪೊಟ್ಯಾಸಿಯಂ ಇಳಿಯಿತು, ಆಮೇಲೆ ಏರಲಿಲ್ಲ.

ಊರಿಗೆ ಬಂದ ಮೇಲೆ ಗಂಡಸಿಯ ಆಯುರ್ವೇದದ ಡಾಕ್ಟರಮ್ಮನ ಹತ್ತಿರ ಹೋಗಿ ಜಗಳವನ್ನೇ ತೆಗೆದೆ. ನಿಮ್ಮ ಶಾಸ್ತ್ರ ನನ್ನನ್ನು ಕೊಲ್ಲುತ್ತಿತ್ತು ಅಂದೆ. ಆಕೆ ನನಗಿಂತ ಜೋರಾಗಿ ಸಿಟ್ಟಾದರು. "ನಮ್ಮಲ್ಲಿ ಮೊದಲು ನೋಡೋದೇ ಜಠರಾಗ್ನಿ. ಅರಗಿಸೋ ಶಕ್ತಿ ಇಲ್ಲದೋರಿಗೆ ಗಂಜಿ ಹೇಳಿದ್ದಾರೆಯೇ ಹೊರತು ಹಸಿ ಸೊಪ್ಪಲ್ಲ. ಎರಡು ಮಾತು ಇಲ್ಲಿಂದ ಕದ್ದು, ಎರಡು ಮಾತು ಅಲ್ಲಿಂದ ಕದ್ದು ಅಂಗಡಿ ಇಟ್ಟವರಿಗೆ ನಾವು ಜವಾಬ್ದಾರರಾ?"

ಗುರೂಜಿಯೂ ಫೋನು ಮಾಡಿದ್ದ. ಪಥ್ಯ ಅರ್ಧಕ್ಕೆ ಬಿಟ್ಟದ್ದೇ ತಪ್ಪಾಯಿತಂತೆ. ನಮ್ಮ ಮನೆಯವರು ಕೇಳಿಸಿಕೊಳ್ಳುತ್ತಾ ನಿಂತಿದ್ದರು. ನಾನು ಫೋನು ಕಿತ್ತುಕೊಂಡು ಅಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕ್ರಿಯೇಟಿನಿನ್ ಹಿಂದಿದ್ದಲ್ಲಿಗೆ ಇಳಿದಿಲ್ಲ. ಇಳಿಯಲಿಕ್ಕಿಲ್ಲ ಎಂದರು. ಡಯಾಲಿಸಿಸ್ ಸದ್ಯಕ್ಕೆ ಬೇಡ. ಆ ‘ಸದ್ಯಕ್ಕೆ’ಯ ಮೇಲೆ ನನ್ನ ಸಂಸಾರ ನಡೆಯುತ್ತಿದೆ. ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ. ಆದರೂ ಬೆಳಿಗ್ಗೆ ಎದ್ದಾಗ ಕಾಲು ನೆಲಕ್ಕೆ ಊರುತ್ತದೆ, ದೇವರು ದೊಡ್ಡವನು.

ತರಕಾರಿ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ತಿನ್ನಬೇಕಂತೆ. ಪೊಟ್ಯಾಸಿಯಂ ನೀರಿನ ಜೊತೆ ಹೋಗುತ್ತದೆ. ಈಗ ಆ ಕೆಲಸ ನಮ್ಮ ಮನೆಯವರದು. ನಾನು ಹೇಳಲಿಲ್ಲ, ಅವರೇ ಹಿಡಿದುಕೊಂಡರು. ಮೊನ್ನೆ ಹುರುಳಿಕಾಯಿಯ ನೀರು ಬಸಿಯುತ್ತಾ ತಡೆಯಲಾರದೆ ಅಂದರು.

"ಸತ್ವ ಎಲ್ಲಾ ಹೋಯ್ತಲ್ಲೇ."

"ಹೋಗಲಿ ಬಿಡ್ರಿ. ನಾನು ಉಳಿದಿದ್ದೀನಲ್ಲ" ಅಂದೆ.

ಅವರು ಪಾತ್ರೆಯನ್ನು ಇನ್ನಷ್ಟು ಬಗ್ಗಿಸಿ, ತಳದ ನೀರನ್ನೂ ಚೆಲ್ಲಿದರು.