ಗಂಗಕ್ಕನ ಅಂಗಡಿಗೆ ಬರುವ ಪಾರ್ಸಲ್‌ಗಳು

ಶಿರಸಿ ಬಸ್ಸು ತಡವೆಂದು ತಿಳಿದ ಮೇಲೆ ಯಲ್ಲಾಪುರದ ಪೇಟೆಬೀದಿಯಲ್ಲಿ ಕಂಡ ಪುಸ್ತಕದ ಅಂಗಡಿಯೊಂದನ್ನು ಹೊಕ್ಕೆ. ಕಪಾಟುಗಳು ಮುಕ್ಕಾಲುಪಾಲು ಬರಿದಾಗಿದ್ದವು. ಮೇಜಿನ ಮೇಲೆ ಮಾತ್ರ ಒಡೆಯದ ಪಾರ್ಸಲ್‌ಗಳ ರಾಶಿಯೇ ಇತ್ತು.

"ಹೊಸ ಪುಸ್ತಕಗಳು ಬಂದಿವೆಯೇ?" ಎಂದೆ.

"ಅವು ನಮ್ಮವಲ್ಲ. ನಾವು ಇವತ್ತಿಗೆ ಅಂಗಡಿ ಮುಚ್ತಾ ಇದ್ದೇವೆ," ಎಂದರು ಅಂಗಡಿಯ ಒಡತಿ ಗಂಗಕ್ಕ.

ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸಿಕೊಂಡು ಬಂದವರು ಅವರು. ಈಚೆಗೆ ಓದುವವರೆಲ್ಲ ಇಂಟರ್‌ನೆಟ್ಟಿನಲ್ಲೇ ಪುಸ್ತಕ ತರಿಸುತ್ತಾರಂತೆ. ಕೊರಿಯರಿನವರು ಹಳ್ಳಿಗಳಿಗೆ ಹೋಗುವುದಿಲ್ಲ. ಹಾಗಾಗಿ ಹಳೆಯ ಗಿರಾಕಿಗಳು ಇವರ ಅಂಗಡಿಯ ವಿಳಾಸವನ್ನೇ ಕೊಡುತ್ತಾರೆ. ಬಂದದ್ದನ್ನು ಇವರು ಜೋಪಾನವಾಗಿ ತೆಗೆದಿಡುತ್ತಾರೆ.

"ನಿಮಗೆ ಬೇಜಾರಾಗುವುದಿಲ್ಲವೇ?"

"ಎಲ್ಲ ಗುರುತಿನವ್ರು. ಬೇಡ ಹೇಳೂದು ಹೇಗೆ?"

ಅಷ್ಟರಲ್ಲಿ ಮಾಗೋಡಿನ ಕಡೆಯ ತರುಣ ಮೇಷ್ಟ್ರೊಬ್ಬರು ಅವಸರದಲ್ಲಿ ಬಂದು ತಮ್ಮ ಪಾರ್ಸಲ್ ತೆಗೆದುಕೊಂಡು, ಹವ್ಯಕರ ಮಾತಿನಲ್ಲಿ ಹೇಳಿದರು.

"ಅಕ್ಕಾ, ಇನ್ನೊಂದು ಪಾರ್ಸಲ್ ಮುಂದಿನ ವಾರ ಬತ್ತು."

"ನಾಳೆಯಿಂದ ಅಂಗಡಿ ಇರ್ತಿಲ್ಲೆ, ತಮಾ."

"ಹಂಗಾರೆ ಪಾರ್ಸಲ್ ಎಲ್ಲಿಗೆ..." ಎಂದವರು ಆಗಷ್ಟೇ ಕಪಾಟುಗಳತ್ತ ನೋಡಿ, ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಕೈಯಲ್ಲಿದ್ದುದನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದರು. ಯಾವ ಕಡೆ ನೋಡಬೇಕೆಂದು ನನಗೂ ತಿಳಿಯಲಿಲ್ಲ.

ಗಂಗಕ್ಕ ಮೇಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

"ಎನ್ನ ಮನೆ ವಿಳಾಸ ಕೊಡು," ಎಂದರು ಆಮೇಲೆ. "ಇನ್ನು ಹಗಲೆಲ್ಲ ಆನು ಮನೇಲೇ ಇರ್ತೆ."